ಬೇಡವೆಂದ ಮೇಲೂ ಇಳಿಸಿಕೊಳ್ಳಬೇಕಾದ ಹೊರೆ

ಶ್ರವಣಬೆಳಗೊಳದಲ್ಲಿ ನನ್ನ ತಮ್ಮನದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣ, ಬೆಟ್ಟ ಹತ್ತಿ ಇಳಿದವರ ಗ್ರೂಪ್ ಫೋಟೋ, ಎಲ್ಲವೂ ಹಿಂದಿನ ಕೋಣೆಯ ಹಳೇ ಕಂಪ್ಯೂಟರಿಗೆ ಹೋಗಿ ಬೀಳುತ್ತವೆ. ಅದರ ಡಿಸ್ಕು ಮುಂದಿನ ಕೋಣೆಯ ಕಂಪ್ಯೂಟರಿಗೆ ತನ್ನದೇ ಡಿಸ್ಕಿನಂತೆ ಕಾಣುತ್ತದೆ. ಹೀಗೆ ಕಾಣಿಸುವ ಒಪ್ಪಂದಕ್ಕೆ ಎನ್‌ಬಿಡಿ, ಅಂದರೆ ನೆಟ್‌ವರ್ಕ್ ಬ್ಲಾಕ್ ಡಿವೈಸ್ ಎಂದು ಹೆಸರು. 1997ರಲ್ಲಿ ಪಾವೆಲ್ ಮಾಹೆಕ್ ಇದನ್ನು ಲಿನಕ್ಸ್‌ಗೆ ಬರೆದರು. ಒಳ್ಳೆಯ ಸರ್ವರುಗಳು ಪುಕ್ಕಟೆ ಸಿಗುತ್ತಿದ್ದರೂ ರಜೆಯ ಹುಮ್ಮಸ್ಸಿನಲ್ಲಿ ನಾನೇ ಒಂದನ್ನು ಬರೆದುಕೊಟ್ಟೆ.

ಡಿಸ್ಕು ತುಂಬಿದ ದಿನ ನಾನು ಬರೆದದ್ದರ ಬಣ್ಣ ಬಯಲಾಯಿತು. ನನ್ನ ಸರ್ವರು ‘ಜಾಗವಿಲ್ಲ’ ಎಂದು ಮರ್ಯಾದೆಯಿಂದಲೇ ಉತ್ತರಿಸಿತು. ಮರುಕ್ಷಣದಿಂದ ಅದಕ್ಕೆ ಯಾವ ಮಾತೂ ಅರ್ಥವಾಗಲಿಲ್ಲ. ಜಾಗವಿಲ್ಲದಿದ್ದರೇನು, ಹಳೆಯ ಫೋಟೋ ಓದಿ ಕೊಡಬಹುದಿತ್ತಲ್ಲ? ಅದೂ ಇಲ್ಲ.

ಲಾಗ್ ತೆಗೆದು ನೋಡಿದೆ. ಎನ್‌ಬಿಡಿಯಲ್ಲಿ ಪ್ರತಿ ಕೋರಿಕೆಗೂ 28 ಬೈಟುಗಳ ಹೆಡರ್ ಇರುತ್ತದೆ. ಮೊದಲ ನಾಲ್ಕು ಬೈಟು ಗುರುತಿನ ಸಂಖ್ಯೆ, ಹದಿನಾರರ ಲೆಕ್ಕದಲ್ಲಿ 25609513. ಆಮೇಲೆ ಎರಡು ಬೈಟು ಫ್ಲ್ಯಾಗು, ಎರಡು ಬೈಟು ಕೆಲಸದ ಬಗೆ, ಎಂಟು ಬೈಟು ಟೋಕನ್, ಎಂಟು ಬೈಟು ಡಿಸ್ಕಿನ ಮೇಲಿನ ಜಾಗ, ಕೊನೆಗೆ ನಾಲ್ಕು ಬೈಟು ಉದ್ದ. ಬರೆಯುವ ಕೋರಿಕೆಯಾದರೆ ಅದರ ಬೆನ್ನಿಗೇ ಅಷ್ಟುದ್ದದ ಪೇಲೋಡ್, ಅಂದರೆ ಹೊರೆ. ನನ್ನ ಲಾಗಿನಲ್ಲಿ 25609513 ಇರಬೇಕಾದ ಕಡೆ ‘ಎಫ್‌ಎಫ್ ಡಿ8 ಎಫ್‌ಎಫ್ ಇ1’ ಎಂದಿತ್ತು. ಕ್ಯಾಮೆರಾದ ಜೆಪೆಗ್ ಚಿತ್ರ ಶುರುವಾಗುವುದೇ ಹೀಗೆ. ಬೇಡವೆಂದ ಚಿತ್ರ ಎರಡು ಕಂಪ್ಯೂಟರುಗಳ ನಡುವಿನ ಕೊಳವೆಯಲ್ಲೇ ಕೂತಿತ್ತು. ನನ್ನ ಸರ್ವರು ಯಾರದೋ ಮದುವೆಯ ಫೋಟೋವನ್ನು ಮುಂದಿನ ಕೋರಿಕೆ ಎಂದುಕೊಂಡು ಓದುತ್ತಿತ್ತು.

ತಮ್ಮ ಕೇಳಿದ: “ಬೇಡ ಅಂದ್ಮೇಲೆ ಇಸ್ಕೊಳೋದ್ಯಾಕಣ್ಣಾ?”

ಪ್ರಶ್ನೆ ಸರಿಯಾಗಿಯೇ ಇದೆ. ಕೇಳಿ ಕಳಿಸುವ ಪದ್ಧತಿಯೂ ಲೋಕದಲ್ಲಿದೆ. ಐಸ್ಕಸಿ ಎಂಬ ಇನ್ನೊಂದು ಒಪ್ಪಂದದಲ್ಲಿ ಸರ್ವರು ‘ಸಿದ್ಧನಿದ್ದೇನೆ, ಇಷ್ಟು ಕಳಿಸು’ ಎಂದ ಮೇಲೆ ಹೊರೆ ಹೊರಡುವ ಏರ್ಪಾಡುಂಟು. ಅದಕ್ಕೆ ಒಂದು ಸುತ್ತು ಹೋಗಿಬರುವ ಸಮಯ ತೆರಬೇಕು. ಎನ್‌ಬಿಡಿಯಲ್ಲಿ ಅನುಮತಿ ಕೇಳುವುದೇ ಇಲ್ಲ; ಹೆಡರಿನ ಜೊತೆಗೇ ಹೊರೆಯೂ ಬಂದು ಬಾಗಿಲಲ್ಲಿ ನಿಂತಿರುತ್ತದೆ. ಟಿಸಿಪಿ ಕೊಳವೆಗೆ ಗೆರೆಗಳಿಲ್ಲ, ಎಲ್ಲಿ ಒಂದು ಮುಗಿದು ಎಲ್ಲಿ ಇನ್ನೊಂದು ಶುರುವೆಂದು ಅದು ಹೇಳುವುದಿಲ್ಲ. ಹಾಗಾಗಿ ಉಳಿಯುವ ದಾರಿ ಎರಡೇ: ಬೇಡದ್ದನ್ನೂ ಪೂರ್ತಿ ಓದಿ ಚೆಲ್ಲು, ಇಲ್ಲವೇ ಸಂಪರ್ಕ ಕಡಿದುಹಾಕು. ನಾನು ಎರಡನ್ನೂ ಮಾಡಿರಲಿಲ್ಲ.

ಸರ್ವರೊಂದನ್ನು ತೂಗಲು ಜನ ವೇಗ ನೋಡುತ್ತಾರೆ. ನಾನೀಗ ನೋಡುವುದು, ತಾನು ಒಲ್ಲೆನೆನ್ನುವ ಹೊರೆಯನ್ನು ಅದು ಹೇಗೆ ಇಳಿಸಿಕೊಳ್ಳುತ್ತದೆ ಎಂಬುದನ್ನು.

ಈ ತಕ್ಕಡಿಯಲ್ಲಿ ಎನ್‌ಬಿಡಿಕಿಟ್ ಎಂಬ ಸರ್ವರು ನನಗೆ ಹೆಚ್ಚು ಹಿಡಿಸಿತು. ಅದರಲ್ಲಿ ಬರೆಯುವ ಹೊರೆಯನ್ನು ಹಾರಿಸಿ ಮುಂದೆ ಹೋಗಲೆಂದೇ ಒಂದು ಪುಟ್ಟ ಫಂಕ್ಷನ್ ಇದೆ. ಕೋರಿಕೆ ತಪ್ಪಾಗಿದ್ದರೆ ಚಿಕ್ಕ ಬಫರಿನಲ್ಲಿ ಗುಟುಕು ಗುಟುಕಾಗಿ ಓದಿ ಚೆಲ್ಲಿ, ಆಮೇಲೆ ದೋಷದ ಉತ್ತರ ಕಳಿಸುತ್ತದೆ. ಆ ಸಹನೆಗೂ ಮಿತಿ ಇದೆ: ಒಂದು ಕೋರಿಕೆಗೆ 64 ಎಂಐಬಿ ಗರಿಷ್ಠ, ಅದರ ಇಮ್ಮಡಿಗಿಂತ ಹೆಚ್ಚಾದರೆ ಚೆಲ್ಲುವ ಗೋಜಿಗೂ ಹೋಗದೆ ಕೈಬಿಡುತ್ತದೆ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ನಡೆಸುವ ಕ್ಯೂಎಮುವಿನ ಸರ್ವರು ಸ್ವಲ್ಪ ಒರಟು. 32 ಎಂಐಬಿ ಒಳಗಿನ ಹೊರೆಯನ್ನು ಮೊದಲು ಪೂರ್ತಿ ಓದಿಕೊಂಡು, ಆಮೇಲೆ ‘ಇಲ್ಲಿ ಬರೆಯುವಂತಿಲ್ಲ’ ಎನ್ನುತ್ತದೆ. ಅದನ್ನು ಮೀರಿದರೆ ಕೊಂಡಿ ಕಳಚುತ್ತದೆ. ಒರಟಾದರೂ ದಾರಿ ತಪ್ಪುವುದಿಲ್ಲ. ಹೊರೆ ಪೂರ್ತಿ ಓದಿಯಾಯಿತೇ ಎಂಬುದಕ್ಕೆ ಪ್ರತಿ ಕೋರಿಕೆಯಲ್ಲೂ ಒಂದು ಗುರುತು ಇಟ್ಟುಕೊಂಡು, ಆ ಗುರುತಿಲ್ಲದೆ ಮುಂದಿನ ಹೆಡರಿಗೆ ಕೈಹಾಕದ ಅದರ ಶಿಸ್ತು ನಾನು ಕದಿಯಬೇಕಾಗಿದ್ದದ್ದು. ನನ್ನ ತಕರಾರು ಒಂದೇ: ಹೆಡರ್ ಹೇಳಿದ ಉದ್ದವನ್ನು ನಂಬಿ, ಒಂದು ಬೈಟೂ ಕೈಸೇರುವ ಮೊದಲೇ ಅಷ್ಟು ದೊಡ್ಡ ಬಫರನ್ನು ಅದು ತೆಗೆದಿಡುತ್ತದೆ.

ಹೇಳಿದ್ದನ್ನು ನಂಬುವ ವಿಷಯಕ್ಕೆ ನಮ್ಮೂರಿನದೇ ಕತೆ ಇದೆ. ಚಾವುಂಡರಾಯನ ಕೊಡಕೊಡ ಹಾಲು ಬಾಹುಬಲಿಯನ್ನು ಪೂರ್ತಿ ತೋಯಿಸಲಿಲ್ಲ, ಗುಳ್ಳಕಾಯಜ್ಜಿಯ ಪುಟ್ಟ ಕಾಯಿಯೊಳಗಿನ ಹಾಲು ಮುಡಿಯಿಂದ ಅಡಿಯವರೆಗೆ ಹರಿಯಿತು. ಭಕ್ತಿಯ ಕಣ್ಣಿಗೆ ಅದು ಪವಾಡ. ಸರ್ವರ್ ಬರೆಯುವವನ ಕಣ್ಣಿಗೆ, ದೇವರು ಕ್ಷಮಿಸಲಿ, ಬಫರ್ ಓವರ್‌ಫ್ಲೋ: ಹೇಳಿದ ಅಳತೆ ಒಂದು, ಹರಿದದ್ದು ಇನ್ನೊಂದು. 2022ರಲ್ಲಿ ಹಳೆಯ ಎನ್‌ಬಿಡಿ-ಸರ್ವರಿನಲ್ಲಿ ಸಿಕ್ಕಿದ ದೋಷವೂ ಇದೇ ಜಾತಿಯದು. ಶುರುವಿನ ಮಾತುಕತೆಯಲ್ಲಿ ಹೆಸರಿನ ಉದ್ದ 4294967295 ಎಂದು ಹೇಳಿದರೆ, ಕೊನೆಯ ಸೊನ್ನೆಗೆಂದು ಒಂದು ಕೂಡಿಸುವಾಗ 32 ಬಿಟ್ಟಿನ ಲೆಕ್ಕ ಸುತ್ತು ಹೊಡೆದು ಸೊನ್ನೆಗೆ ಬರುತ್ತಿತ್ತು. ಸೊನ್ನೆ ಅಳತೆಯ ಪಾತ್ರೆಗೆ ಹೊಳೆಯನ್ನೇ ಸುರಿಯಬಹುದಿತ್ತು. 3.24ನೇ ಆವೃತ್ತಿಯಲ್ಲಿ ಸರಿಮಾಡಿದರು.

ತಪ್ಪೆಲ್ಲ ಸರ್ವರುಗಳದೇ ಎಂದರೆ ಅನ್ಯಾಯ. ಒಪ್ಪಂದದಲ್ಲೇ ಒಂದು ಕುಂದಿದೆ. ಆ ನಾಲ್ಕು ಬೈಟಿನ ಉದ್ದ ಓದುವಾಗ ‘ನನಗಿಷ್ಟು ಬೇಕು’ ಎಂದಾಗುತ್ತದೆ, ಬರೆಯುವಾಗ ‘ಹಿಂದೆ ಇಷ್ಟು ಬರುತ್ತಿದೆ’ ಎಂದಾಗುತ್ತದೆ, ಅಳಿಸುವಾಗ ‘ಇಷ್ಟು ಜಾಗ ಅಳಿಸು, ಹಿಂದೆ ಏನೂ ಬರುತ್ತಿಲ್ಲ’ ಎಂದಾಗುತ್ತದೆ. ಗೊತ್ತಿಲ್ಲದ ಹೊಸ ಬಗೆಯ ಕೋರಿಕೆ ಬಂದರೆ, ಹಿಂದೆ ಹೊರೆ ಇದೆಯೋ ಇಲ್ಲವೋ ಎಂದು ಪಾಪದ ಸರ್ವರು ಕಣಿ ಕೇಳಬೇಕೇ? ನೆಟ್‌ವರ್ಕಿನ ಮೇಲೆ ಫೈಲುಗಳನ್ನು ಹಂಚುವ ಎನ್‌ಎಫ್‌ಎಸ್ ಎಂಬ ಒಪ್ಪಂದದ 1995ರ ಮೂರನೆಯ ಆವೃತ್ತಿಯಲ್ಲಿ ಇದರ ತಿರುಗುಮುರುಗು: ಬರೆಯುವ ಕೋರಿಕೆಯಲ್ಲಿ ಎಷ್ಟು ಬೈಟು ಎಂಬುದು ಒಮ್ಮೆ, ಹೊರೆಯ ತಲೆಯ ಮೇಲೆ ಅದರ ಉದ್ದ ಮತ್ತೊಮ್ಮೆ. ಎರಡೂ ತಾಳೆಯಾಗದಿದ್ದರೆ? ಲಿನಕ್ಸ್‌ನ ಎನ್‌ಎಫ್‌ಎಸ್ ಸರ್ವರಿನಲ್ಲಿ, ಬರೆಯುವ ಕೋರಿಕೆ ಬಫರಿನ ಅಂಚು ದಾಟುತ್ತದೆಯೇ ಎಂಬ ತಪಾಸಣೆ ಸಾಲದೆಂದು ತಿಳಿದು ಬಿಗಿ ಮಾಡಿದ್ದು 2017ರಲ್ಲಿ.

ಎನ್‌ಬಿಡಿ ತನ್ನ ಕುಂದನ್ನು ತಿದ್ದಿಕೊಂಡಿದೆ. ಹೊಸ ಹೆಡರ್ 32 ಬೈಟಿನದು, ಉದ್ದ 64 ಬಿಟ್ಟಿನದು. ಜೊತೆಗೆ ‘ಈ ಉದ್ದ ಹಿಂದೆ ಬರುವ ಹೊರೆಯದು’ ಎಂದು ಸಾರುವ ಫ್ಲ್ಯಾಗ್ ಇದೆ. ಕ್ಯೂಎಮುವಿಗೆ ಇದು ಬಂದದ್ದು 2023ರ ಕೊನೆಯಲ್ಲಿ ಹೊರಬಂದ 8.2ನೇ ಆವೃತ್ತಿಯಲ್ಲಿ. ಒಂದು ಬಿಟ್ಟಿನ ಕೆಲಸಕ್ಕೆ ಇಪ್ಪತ್ತೈದು ವರ್ಷದ ಮೇಲೆ ಹಿಡಿಯಿತು. ತಡವಾಯಿತು ಅನ್ನಿಸಿದರೂ, ನಡುವೆ ಹಳೆಯ ಯಾವ ಕ್ಲೈಂಟನ್ನೂ ಮುರಿಯದೆ ತಂದದ್ದಕ್ಕೆ ಬೈಯಲು ಮನಸ್ಸಾಗುವುದಿಲ್ಲ.

ನನ್ನ ಸರ್ವರಿಗೆ ಒಂಬತ್ತು ಸಾಲು ಸೇರಿಸಿದೆ. 32 ಎಂಐಬಿವರೆಗೆ ಓದಿ ಚೆಲ್ಲುತ್ತದೆ, ಮೀರಿದರೆ ಕಡಿಯುತ್ತದೆ. ತಮ್ಮ ಅದನ್ನು ಪರೀಕ್ಷೆ ಮಾಡಲು ಬಿಡಲಿಲ್ಲ. ಮಾರನೇ ದಿನವೇ ಚನ್ನರಾಯಪಟ್ಟಣಕ್ಕೆ ಹೋಗಿ ನಾಲ್ಕು ಟಿಬಿಯ ಡಿಸ್ಕು ತಂದು ಹಾಕಿಸಿಕೊಂಡ. ಆ ಒಂಬತ್ತು ಸಾಲು ಇನ್ನೂ ಒಮ್ಮೆಯೂ ಓಡಿಲ್ಲ.