ಇಂಪಿನ ಮೇಲಿನ ಅನುಮಾನ

ಹೆವಿ ಮೆಟಲ್ ಕೇಳುವವರ ನಡುವೆ ಒಂದು ತೀರ್ಪು ಬಹಳ ಕಾಲದಿಂದ ಚಲಾವಣೆಯಲ್ಲಿದೆ. ಹದಿನೈದಿಪ್ಪತ್ತು ವರ್ಷ ಅಬ್ಬರಿಸಿದ ಗಾಯಕನೊಬ್ಬ ಒಂದು ದಿನ ಬಾಯ್ತುಂಬ ಹಾಡತೊಡಗಿದರೆ, ಕೇಳಿದವರೆಲ್ಲ ದನಿಗೂಡಿಸುವಂಥ ಪಲ್ಲವಿ ಕಟ್ಟಿದರೆ, ಅಲ್ಲಿಗೆ ಅವನ ಕಥೆ ಮುಗಿಯಿತು. ವಯಸ್ಸಾಯಿತು, ಕಸುವು ಹೋಯಿತು, ದುಡ್ಡಿಗೆ ಬಿದ್ದ ಎಂದು ಷರಾ ಬರೆದುಬಿಡುತ್ತಾರೆ. ಬೆಂಗಳೂರಿನ ಗೆಳೆಯರು ಹೀಗೆನ್ನುತ್ತಾರೆ. ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಗಿಟಾರ್ ಹಿಡಿದ ಹುಡುಗರೂ ಅದನ್ನೇ ಕಲಿತು ಹೇಳುತ್ತಾರೆ. ಮೆಲೊಡಿಕ್ ಹಾರ್ಡ್ ರಾಕ್ ಎಂಬ ಇಡೀ ಪರಂಪರೆಯನ್ನು ಒಂದೇ ಉಸಿರಿನಲ್ಲಿ ತಳ್ಳಿಹಾಕುವ ಈ ತೀರ್ಪು ನನ್ನನ್ನು ಕೆರಳಿಸುತ್ತದೆ. ಇದೇ ಮಾತನ್ನು ಬೇರೆ ಬಾಯಲ್ಲಿ, ಬೇರೆ ಕಲೆಗಳ ಬಗ್ಗೆ, ನಮ್ಮ ಊರಿನ ಕಲೆಯ ಬಗ್ಗೆಯೂ ಕೇಳಿ ಬೆಳೆದವನು ನಾನು.

ಜಗಳಕ್ಕೆ ಒಂದು ಆಲ್ಬಮ್ ಬೇಕು. ನಾನು ಆರಿಸಿಕೊಳ್ಳುವುದು 2012ರಲ್ಲಿ ಬಂದ 'ಇಂಟರ್ನಲ್ ಅಫೇರ್ಸ್'. ಸ್ವೀಡನ್ನಿನ 'ದಿ ನೈಟ್ ಫ್ಲೈಟ್ ಆರ್ಕೆಸ್ಟ್ರಾ' ತಂಡದ ಚೊಚ್ಚಲ ಆಲ್ಬಮ್ ಅದು. ತಂಡ ಹೊಸದು, ಜನ ಹಳಬರು. ಹಾಡುವವನು ಮೆಟಲ್ ತಂಡ ಸಾಯ್ಲ್‌ವರ್ಕ್‌ನ ಬ್ಯೋರ್ನ್ ಸ್ಟ್ರಿಡ್. ಬೇಸ್ ನುಡಿಸುವವನು ಇನ್ನೊಂದು ಮೆಟಲ್ ತಂಡ ಆರ್ಚ್ ಎನಿಮಿಯ ಶಾರ್ಲಿ ಡಿ'ಏಂಜೆಲೊ. ಗಿಟಾರಿಗೆ ಸಾಯ್ಲ್‌ವರ್ಕ್‌ನದೇ ಡೇವಿಡ್ ಆಂಡರ್ಸನ್. 2007ರಲ್ಲಿ ಸಾಯ್ಲ್‌ವರ್ಕ್ ತಂಡ ಅಮೆರಿಕದಲ್ಲಿ ಊರೂರು ಸುತ್ತುತ್ತಿದ್ದಾಗ ಸ್ಟ್ರಿಡ್ ಮತ್ತು ಆಂಡರ್ಸನ್ ಇಬ್ಬರಿಗೂ ಇಂಪಿನ ಹಾರ್ಡ್ ರಾಕ್ ನುಡಿಸುವ ಇಂಥದೊಂದು ತಂಡ ಕಟ್ಟುವ ಆಸೆ ಹುಟ್ಟಿತು. ಹಾಡುಗಳು ಆಲ್ಬಮ್ ಆಗಿ ಬರುವ ಹೊತ್ತಿಗೆ ಐದು ವರ್ಷ ಕಳೆದಿತ್ತು. ದುಡ್ಡಿಗೆ ಬಿದ್ದವರು ಐದು ವರ್ಷ ಕಾಯುವುದಿಲ್ಲ, ಇಟಲಿಯ ಕೊರೋನರ್ ರೆಕಾರ್ಡ್ಸ್‌ನಂಥ ಪುಟ್ಟ ಕಂಪನಿಯ ಬಾಗಿಲಿಗೆ ಹೋಗುವುದೂ ಇಲ್ಲ.

ಮೆಟಲ್ ಎಂದರೆ ಕಾರ್ಖಾನೆಯ ಸದ್ದು, ಅಲ್ಲಿ ಇಂಪಿಗೆ ಜಾಗವಿಲ್ಲ ಎನ್ನುವವರು ಬರ್ಮಿಂಗ್‌ಹ್ಯಾಮಿನ ಕಥೆಯನ್ನು ಮುಂದಿಡುತ್ತಾರೆ. ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ಲೋಹದ ಹಾಳೆ ಕತ್ತರಿಸುವ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳ ತುದಿ ಕಳೆದುಕೊಂಡ. ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿ ಹಾಕಿದ, ಮುಂದೆ ತಂತಿಗಳ ಶ್ರುತಿಯನ್ನೂ ಇಳಿಸಿದ. 1970ರಲ್ಲಿ ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ ಬಂತು, ಭಾರವಾದ ಆ ನಾದ ಲೋಕಕ್ಕೆಲ್ಲ ಹಬ್ಬಿತು. ಈ ಕಥೆ ನಿಜ. ಅದರ ಮುಂದಿನ ಪುಟವೂ ಅಷ್ಟೇ ನಿಜ: ಅದೇ ಸಬಾತ್ 1972ರ ನಾಲ್ಕನೆಯ ಆಲ್ಬಮ್ಮಿನಲ್ಲಿ ಪಿಯಾನೊ ಇಟ್ಟುಕೊಂಡು 'ಚೇಂಜಸ್' ಎಂಬ ಮೆಲುದನಿಯ ಹಾಡು ಹಾಡಿತು. ಮೂಲಪುರುಷರೇ ಎರಡು ವರ್ಷದಲ್ಲಿ ಇಂಪನ್ನು ಒಳಗೆ ಕರೆದುಕೊಂಡಿದ್ದರು. ಹಿಂಬಾಲಕರಿಗೆ ಮಾತ್ರ ಮಡಿ ಬೇಕಾಯಿತು.

ಕಾರ್ಖಾನೆಯ ಸದ್ದು ಏನೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ದಾವಣಗೆರೆ ಹತ್ತಿ ಗಿರಣಿಗಳ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡು, ಆಮೇಲೆ ಗಿರಣಿಗಳು ಒಂದೊಂದೇ ಮುಚ್ಚಿದ್ದನ್ನೂ ಕಂಡಿದೆ. ಪಕ್ಕದ ಹರಿಹರದಲ್ಲಿ 1941ರಲ್ಲಿ ಹುಟ್ಟಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಯಂತ್ರ ಮಾಡಿ ಕಳಿಸಿತು. ಅಲ್ಲಿ ದುಡಿದ ಯಾವ ಟರ್ನರನ್ನು ಕೇಳಿದರೂ ಒಂದು ವಿಷಯ ಹೇಳುತ್ತಾನೆ: ಮೊದಲ ರಫ್ ಕಟ್‌ನಲ್ಲಿ ಸದ್ದು ಜಾಸ್ತಿ, ಕಿಡಿ ಜಾಸ್ತಿ, ಹೊಸಬನಿಗೂ ಅದನ್ನು ಕೊಡಬಹುದು; ಕೊನೆಯ ಫಿನಿಶಿಂಗ್ ಕಟ್ ಹಿಡಿಯಲು ಹಳೆಯ ಕೈಯೇ ಬೇಕು. ಅಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಇಡೀ ಕೆಲಸ ಹಾಳು. ಮೆಟಲ್‌ನ ಹಳಬರು ಹಾಡಿಗೆ ಬಂದಾಗ ನನಗೆ ಕಾಣುವುದು ಈ ಕೊನೆಯ ಕಟ್. ಲೋಹ ಅದೇ. ಕೈ ಪಳಗಿದೆ.

ಸ್ಟ್ರಿಡ್‌ನ ಕಂಠದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. 1995ರಲ್ಲಿ ಹೆಲ್ಸಿಂಗ್‌ಬೋರಿಯಲ್ಲಿ ಸಾಯ್ಲ್‌ವರ್ಕ್ ಕಟ್ಟಿದವರಲ್ಲಿ ಈಗಲೂ ಅದರಲ್ಲಿ ಉಳಿದಿರುವವನು ಅವನೊಬ್ಬನೇ. ಮೆಟಲ್‌ನ ಗುಡುಗು ಗಾಯನಕ್ಕೆ ಧ್ವನಿತಂತುಗಳ ಮೇಲಿರುವ ಮಡಿಕೆಗಳೂ ಕಂಪಿಸುವಂತೆ ಮಾಡಬೇಕು. ಹೊಟ್ಟೆಯಿಂದ ಉಸಿರು ತಳ್ಳಬೇಕು, ಗಂಟಲು ಕೆಡದಂತೆ ರಾತ್ರಿ ರಾತ್ರಿ ಅದನ್ನು ಮಾಡಬೇಕು. ದೊಡ್ಡ ಶ್ರಮ ಅದು. ಆದರೆ ಗುಡುಗಿಗೆ ನಿಶ್ಚಿತವಾದ ಶ್ರುತಿ ಇಲ್ಲ. ಸ್ವರ ಒಂದೆಳೆ ಜಾರಿದರೂ ಸದ್ದಿನ ಕೆಳಗೆ ಮುಚ್ಚಿಹೋಗುತ್ತದೆ. ಗಿಟಾರಿನ ಡಿಸ್ಟಾರ್ಷನ್, ಒಂದೇ ಸಮನೆ ಓಡುವ ಡಬಲ್ ಬೇಸ್ ಡ್ರಮ್, ಎಲ್ಲವೂ ಗಾಯಕನಿಗೆ ಮರೆ. 'ಇಂಟರ್ನಲ್ ಅಫೇರ್ಸ್'ನಲ್ಲಿ ಸ್ಟ್ರಿಡ್ ಆ ಮರೆಯನ್ನೆಲ್ಲ ಸರಿಸಿ ನಿಂತಿದ್ದಾನೆ. ಮೊದಲ ಹಾಡು 'ಸೈಬೀರಿಯನ್ ಕ್ವೀನ್'ನಿಂದಲೇ ಅವನ ದನಿ ಬರಿಮೈಯಲ್ಲಿ ಮೇಲಿನ ಸ್ಥಾಯಿಗೆ ಏರುತ್ತದೆ, ಅಲ್ಲೇ ನಿಂತು ಸ್ವರವನ್ನು ಎಳೆಯುತ್ತದೆ. ಎಳೆದ ಸ್ವರ ಸಣ್ಣ ನಡುಕವನ್ನೂ ಅಡಗಿಸುವುದಿಲ್ಲ. ಈ ಧೈರ್ಯವನ್ನು ಸುಸ್ತು ಎಂದು ಕರೆಯುವವರ ಕಿವಿಯ ಮೇಲೆ ನನಗೆ ನಂಬಿಕೆಯಿಲ್ಲ.

ಕಸುವು ಎಲ್ಲೂ ಹೋಗಿಲ್ಲ ಎಂಬುದಕ್ಕೆ 'ವೆಸ್ಟ್ ರೂತ್ ಅವೆನ್ಯೂ' ಸಾಕು. ಅದರ ತಾಳ ಡಿಸ್ಕೊಗೆ ಹತ್ತಿರ. ಬೇಸ್ ಗಿಟಾರ್ ಹಿಂದೆ ಅಡಗದೆ ಮುಂದೆ ಬಂದು ಹಾಡನ್ನು ಹೆಗಲ ಮೇಲೆ ಹೊತ್ತು ನಡೆಯುತ್ತದೆ. ಆರ್ಚ್ ಎನಿಮಿಯ ವೇಗದಲ್ಲಿ ವರ್ಷಗಟ್ಟಲೆ ನುಡಿಸಿದ ಕೈ ಇಲ್ಲಿ ಎಷ್ಟು ಸ್ವರ ಬಿಡಬೇಕೆಂದು ಕಲಿತಿದೆ. ಅಬ್ಬರದ ಸಂಗೀತದಲ್ಲಿ ನುಡಿಸದೆ ಬಿಡುವ ಅವಕಾಶವೇ ಕಡಿಮೆ. 'ಟ್ರಾನ್ಸ್‌ಅಟ್ಲಾಂಟಿಕ್ ಬ್ಲೂಸ್'ನ ದೀರ್ಘ ನಡಿಗೆಯಲ್ಲಿ ಗಿಟಾರು, ಕೀಬೋರ್ಡು ಒಂದಕ್ಕೊಂದು ದಾರಿ ಬಿಟ್ಟುಕೊಡುವುದನ್ನು ಕೇಳಿದರೆ, ಇವರು ಮೆಟಲ್‌ನಿಂದ ತಂದ ಶಿಸ್ತು ಎಲ್ಲಿ ಕೆಲಸಕ್ಕೆ ಬಂದಿದೆ ಎಂದು ತಿಳಿಯುತ್ತದೆ. ಕೊನೆಯ ಹಾಡಿನ ಹೆಸರಲ್ಲಿ ಗ್ಲುಮ್ಸ್ಲೋವ್ ಇದೆ, ಹೆಲ್ಸಿಂಗ್‌ಬೋರಿಯ ಹತ್ತಿರದ ಸಣ್ಣ ಊರು. ಕ್ಯಾಲಿಫೋರ್ನಿಯಾ, ಮಯಾಮಿ, ಮಾಂಟ್ರಿಯಲ್ ಎಂದು ಹಾಡಿನಿಂದ ಹಾಡಿಗೆ ಸುತ್ತಿಸಿದವರು ಕೊನೆಗೆ ತಮ್ಮೂರಿನ ಗುಡ್ಡಗಳ ಬಳಿ ಬಂದು ನಿಲ್ಲುತ್ತಾರೆ.

ಡೇವಿಡ್ ಆಂಡರ್ಸನ್ ವೃತ್ತಿಯಿಂದ ವೈದ್ಯ. 2022ರಲ್ಲಿ ತೀರಿಕೊಂಡ. ಈ ತಂಡದ ಹಾಡುಗಳಲ್ಲಿ ನಲಿವಿನ ಅಡಿಯಲ್ಲೇ ಹರಿಯುವ ಒಂಟಿತನವಿದೆ, ವಿಮಾನ ನಿಲ್ದಾಣಗಳ, ತಡರಾತ್ರಿಯ, ದೂರದ ಹೆಣ್ಣುಗಳ ಹಂಬಲವಿದೆ. ಅದರಲ್ಲಿ ಅವನ ಪಾಲು ದೊಡ್ಡದು. ನಲಿವಿನ ಹಾಡನ್ನು ಹಗುರವೆಂದು ಭಾವಿಸುವವರು ಇದನ್ನು ಕೇಳಿಸಿಕೊಂಡೇ ಇಲ್ಲ. ದುಃಖವನ್ನು ಕಿರುಚಿ ಹೇಳಿದರೆ ಮಾತ್ರ ಆಳ, ಕುಣಿಯುವ ತಾಳಕ್ಕೆ ಕೂರಿಸಿದರೆ ಶೋಕಿ ಎಂಬ ನಂಬಿಕೆ ಎಲ್ಲಿಂದ ಬಂತು?

ಸ್ವೀಡನ್ನಿನಲ್ಲಂತೂ ಇಂಪು ಮೆಟಲ್‌ಗೆ ಹೊರಗಿನದಲ್ಲ. ಅಲ್ಲಿನ ಪುರಸಭೆಗಳು ನಡೆಸುವ ಸಂಗೀತ ಶಾಲೆಗಳಲ್ಲಿ ಸಾಮಾನ್ಯರ ಮಕ್ಕಳು ಕಡಿಮೆ ಖರ್ಚಿನಲ್ಲಿ ವಾದ್ಯ ಕಲಿಯುತ್ತಾರೆ. ಅಬ್ಬಾ ತಂಡದ ನಾಡು ಅದು, 1986ರಲ್ಲಿ 'ದಿ ಫೈನಲ್ ಕೌಂಟ್‌ಡೌನ್' ತಂದ ಯುರೋಪ್ ತಂಡದ ನಾಡು. 1995ರ ಹೊತ್ತಿಗೆ ಗೋಥೆನ್‌ಬರ್ಗಿನ ಅಟ್ ದ ಗೇಟ್ಸ್, ಡಾರ್ಕ್ ಟ್ರಾಂಕ್ವಿಲಿಟಿ, ಇನ್ ಫ್ಲೇಮ್ಸ್ ತಂಡಗಳು ಗುಡುಗಿನ ಅಡಿಯಲ್ಲೇ ಜೋಡಿ ಗಿಟಾರಿನ ಇಂಪಾದ ಎಳೆ ನೇಯುತ್ತಿದ್ದವು. 2002ರ 'ನ್ಯಾಚುರಲ್ ಬಾರ್ನ್ ಕೇಯಾಸ್'ನಲ್ಲಿ ಸಾಯ್ಲ್‌ವರ್ಕ್ ಕೂಡ ಗುಡುಗಿನ ಪಕ್ಕದಲ್ಲೇ ಹಾಡಿತ್ತು. ಹತ್ತು ವರ್ಷದ ನಂತರ ಸ್ಟ್ರಿಡ್ ಆ ಎಳೆಯನ್ನು ಮೇಲಕ್ಕೆ ತಂದ, ಅಷ್ಟೇ. ಪಕ್ಷ ಬದಲಿಸಿದ ಎನ್ನುವವರು ಅವನ ಹಳೆಯ ಆಲ್ಬಮ್‌ಗಳನ್ನೂ ಸರಿಯಾಗಿ ಕೇಳಿಲ್ಲ.

ಈ ಪರಂಪರೆಯಲ್ಲಿ ಸಪ್ಪೆ ಸರಕಿಲ್ಲವೇ? ರಾಶಿಯಿದೆ. ಇಟಲಿಯ ನೇಪಲ್ಸಿನ ಫ್ರಂಟಿಯರ್ಸ್ ಕಂಪನಿ ಹಳಬರನ್ನು ಜೋಡಿಸಿ ಜೋಡಿಸಿ ಹೊಸ ಹೆಸರಿನ ತಂಡಗಳನ್ನು ಹೊರಡಿಸುತ್ತದೆ, ಎಷ್ಟೋ ಆಲ್ಬಮ್‌ಗಳ ಒಂದು ಪಲ್ಲವಿಯೂ ಮರುದಿನ ನೆನಪಿರುವುದಿಲ್ಲ. ಅವು ಸೋತದ್ದು ಧಾಟಿ ಕಟ್ಟಲಾಗದೆ. ಆ ಸೋಲನ್ನು ಧಾಟಿಯ ತಲೆಗೇ ಕಟ್ಟುವುದು ಯಾವ ನ್ಯಾಯ? ಅದೇ ಕಂಪನಿಯ 2024ರ 'ದಿ ಕ್ವಾಂಟಮ್ ಫೇಸ್' ಆಲ್ಬಮ್ಮಿನಲ್ಲಿ ಡೊಕೆನ್ ತಂಡದ ಹಳಬರಾದ ಜಾರ್ಜ್ ಲಿಂಚ್, ಜೆಫ್ ಪಿಲ್ಸನ್ ಹಾಡಲು ಕರೆದದ್ದು ಸಿಕ್ಕಿಂನ ಗಿರೀಶ್ ಪ್ರಧಾನ್‌ನನ್ನು. ದೂರದ ಊರಿನ ದನಿ ಆ ಹಳಬರಿಗೆ ಬೇಕಾಯಿತು, ಆ ದನಿಯಿಂದ ಹಾಡುಗಳಿಗೆ ಜೀವ ಬಂತು.

ನಮ್ಮ ರಾಜ್ಯದ್ದೇ ಉದಾಹರಣೆ ಬೇಕೆಂದರೆ ಬೆಂಗಳೂರಿನ ಕ್ರಿಪ್ಟೋಸ್ ಇದೆ. 1998ರಲ್ಲಿ ಹುಟ್ಟಿ, 2013ರಲ್ಲಿ ಜರ್ಮನಿಯ ವಾಕನ್ ಮೇಳದಲ್ಲಿ ನುಡಿಸಿದ ತಂಡ. 2016ರ 'ಬರ್ನ್ ಅಪ್ ದ ನೈಟ್'ನಿಂದೀಚೆಗೆ ಅವರ ಜೋಡಿ ಗಿಟಾರುಗಳು ಎಂಬತ್ತರ ದಶಕದ ಇಂಪಿಗೆ ಇನ್ನಷ್ಟು ಹತ್ತಿರವಾಗಿವೆ, ಗಂಟಲು ಮಾತ್ರ ಒರಟಾಗಿಯೇ ಉಳಿದಿದೆ. ನನಗೆ ಆ ಗಿಟಾರುಗಳು ಇಷ್ಟ. ಆ ಗಂಟಲು ಹಾಡಿಗೆ ತೆರೆದುಕೊಳ್ಳಲಿ ಎಂಬ ಆಸೆಯೂ ಇದೆ.

ಇನ್ನು ನಮ್ಮ ಮನೆಯ ಜಗಳ. ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಕಂಪನಿ ನಾಟಕದ ನಟನಟಿಯರು ಥಿಯೇಟರಿನ ಕೊನೆಯ ಸಾಲಿಗೂ ಕೇಳುವಂತೆ, ಹಾರ್ಮೋನಿಯಂ ತಬಲಾದ ಮೇಲೆ ದನಿಯೆತ್ತಿ, ಶ್ರುತಿ ಬಿಡದೆ ಹಾಡಬೇಕಿತ್ತು. ಗಟ್ಟಿತನವೂ ಇಂಪೂ ಅಲ್ಲಿ ಒಂದೇ ಗಂಟಲಿನ ಕೆಲಸ. ಹಾಡು ಗೆದ್ದಿತೋ ಇಲ್ಲವೋ ಎಂದು ಹೇಳುತ್ತಿದ್ದದ್ದು 'ಒನ್ಸ್ ಮೋರ್' ಎಂಬ ಕೂಗು. ಅದೇ ಕೂಗನ್ನು ವಿದ್ಯಾವಂತರ ವಿಮರ್ಶೆ ದೋಷಪಟ್ಟಿಯಲ್ಲಿ ಬರೆದುಕೊಂಡಿತು. ಜನಕ್ಕೆ ಹಿಡಿಸಿತು, ಆದ್ದರಿಂದ ಅಗ್ಗ ಎಂದಿತು. ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂತು, ವೃತ್ತಿ ರಂಗಭೂಮಿಗೆಂದೇ ದಾವಣಗೆರೆಗೆ ಒಂದು ರಂಗಾಯಣವೂ ಬಂತು. ಕಂಪನಿಗಳು ಬಡವಾದ ಮೇಲೆ ಗೌರವ ಬಂತು.

ರಂಗನಿರ್ದೇಶಕ ಬಿ.ವಿ. ಕಾರಂತರ ಉದಾಹರಣೆ ಕಣ್ಣೆದುರಿಗಿದೆ. ಹುಡುಗನಾಗಿ ಗುಬ್ಬಿ ಕಂಪನಿ ಸೇರಿದವರು, ದೆಹಲಿಯ ನಾಟಕ ಶಾಲೆಯಲ್ಲಿ ಓದಿದವರು, ಆಧುನಿಕ ರಂಗಭೂಮಿಗೆ ಹಾಡನ್ನು ಮರಳಿ ತಂದರು. ಕಂಪನಿಯ ಕಿವಿ ಅವರಲ್ಲಿ ಉಳಿದಿದ್ದರಿಂದಲೇ ಅದು ಸಾಧ್ಯವಾಯಿತು. ಕಾವ್ಯದಲ್ಲೂ ಇದೇ ಕಥೆ. ನವ್ಯರು ಲಯದ ಇಂಪನ್ನು ಸಂಶಯದಿಂದ ನೋಡಿದರು, ಸುಗಮ ಸಂಗೀತವನ್ನು ಶಾಸ್ತ್ರೀಯದವರೂ ಕವಿಗಳೂ ಕೂಡಿಯೇ ಕೆಳಗಿಟ್ಟರು. ಆದರೆ ನವ್ಯದ ಮುಂದಾಳು ಗೋಪಾಲಕೃಷ್ಣ ಅಡಿಗರ ಒಂದು ಕವಿತೆ 1997ರ 'ಅಮೆರಿಕಾ ಅಮೆರಿಕಾ' ಚಿತ್ರದ ಹಾಡಾಗಿ, ಅವರ ಒಂದು ಪುಸ್ತಕವನ್ನೂ ತೆರೆಯದವರ ಬಾಯಲ್ಲಿ ನೆಲೆಸಿದೆ. ಇದರಿಂದ ಅಡಿಗರು ಸಣ್ಣವರಾದರೇ?

ಸಿ. ಅಶ್ವತ್ಥ್ ಅವರನ್ನು ನಾನು ಈ ಸಾಲಿನಲ್ಲೇ ನಿಲ್ಲಿಸುತ್ತೇನೆ. ಭಾವಗೀತೆಯನ್ನು ಪಿಸುದನಿಯಿಂದ ಬಿಡಿಸಿ ಏರುದನಿಗೆ ಒಯ್ದವರು, ಶಿಶುನಾಳ ಶರೀಫರ ತತ್ವಪದಕ್ಕೆ ಬಯಲಿನ ಗಂಟಲು ಕೊಟ್ಟವರು. ಅವರು ಕಿರುಚುತ್ತಾರೆ ಎಂದವರೂ ಇದ್ದರು, ಸಂಗೀತ ಸೇರಿಸಿ ಕವಿತೆ ಕೆಡಿಸಿದರು ಎಂದವರೂ ಇದ್ದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ'ಕ್ಕೆ ಜನಸಾಗರವೇ ಸೇರಿತ್ತು. ಅದೇ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ನುಡಿಸಿದವು. ಮೈದಾನದ ಕೊನೆಯವನನ್ನೂ ಹಿಡಿದು ಹಾಡಿಸುವ ಕಸುಬು ಮೂವರದೂ ಒಂದೇ. ಅಶ್ವತ್ಥರನ್ನು ಕೇಳಿ ಬೆಳೆದ ಕಿವಿಗೆ ಐರನ್ ಮೇಡನ್ ಗಾಯಕ ಬ್ರೂಸ್ ಡಿಕಿನ್ಸನ್ ಅಪರಿಚಿತನಾಗಬೇಕಿಲ್ಲ. ಆದರೆ ನಮ್ಮ ರುಚಿಯ ಕಾವಲುಗಾರರು ಈ ಎರಡು ಗುಂಪುಗಳ ನಡುವೆ ಗೋಡೆ ಎಬ್ಬಿಸಿದ್ದಾರೆ: ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬಲ್ಲ ಪೇಟೆ ಮಕ್ಕಳು.

ಇಂಪನ್ನು ಅನುಮಾನಿಸುವವರ ಆಳದಲ್ಲಿರುವುದು ಜನರ ಮೇಲಿನ ಅನುಮಾನ ಎಂದು ನನ್ನ ದೃಢವಾದ ಅಭಿಪ್ರಾಯ. ಹತ್ತು ಜನಕ್ಕೆ ಮಾತ್ರ ದಕ್ಕುವುದು ಶ್ರೇಷ್ಠ, ಸಾವಿರ ಜನ ಹಾಡಿಕೊಳ್ಳುವುದು ಕೀಳು ಎಂಬ ಲೆಕ್ಕ ಓದಿದವರ ಜಾತಿಯೊಂದನ್ನು ಕಟ್ಟುತ್ತದೆ. ಗಿರಣಿಯಿಂದ ಬಂದವನು, ಲೇತ್ ಬಿಟ್ಟು ಮನೆಗೆ ಹೊರಟವನು ನಾಟಕದ ಟಿಕೆಟು ಕೊಂಡು ಕೇಳಿದ್ದು ಹಾಡನ್ನೇ. ಅವನ ದಿನವೆಲ್ಲ ಸದ್ದಿನಲ್ಲಿ ಕಳೆದಿತ್ತು. ಕಾರ್ಖಾನೆಯ ಸದ್ದೇ ಕಾರ್ಮಿಕನ ಕಲೆ ಎಂದು ಸಾರುವವರಲ್ಲಿ ಹೆಚ್ಚಿನವರು ಕಾರ್ಖಾನೆಯಲ್ಲಿ ದುಡಿದವರಲ್ಲ.

ದಾವಣಗೆರೆಯಲ್ಲೋ ಹರಿಹರದಲ್ಲೋ ಕೋಣೆಯ ಬಾಗಿಲು ಹಾಕಿಕೊಂಡು ಗಿಟಾರ್ ನುಡಿಸುವ ಹುಡುಗ ಹುಡುಗಿಯರಿಗೆ ನಾನು ಹೇಳುವುದಿಷ್ಟು. ವೇಗ ಕಲಿಯಿರಿ, ಭಾರ ಕಲಿಯಿರಿ, ಗುಡುಗುವುದನ್ನೂ ಕಲಿಯಿರಿ. ಆಮೇಲೆ ನಾಲ್ಕು ಸಾಲಿನ ಒಂದು ಪಲ್ಲವಿಯನ್ನು ಕನ್ನಡದಲ್ಲಿ ಕಟ್ಟಿ, ಡಿಸ್ಟಾರ್ಷನ್ ತೆಗೆದು, ಬರಿಗಂಟಲಲ್ಲಿ ಹಾಡಿ ನೋಡಿ. ಅದು ನಿಂತರೆ ನಿಮ್ಮ ಮೆಟಲ್ ಕೂಡ ನಿಲ್ಲುತ್ತದೆ. ಧಾಟಿ ಕಟ್ಟಿದವರನ್ನು ಸೋತವರೆಂದು ಕರೆಯುವ ವಿಮರ್ಶಕ ಮೊದಲು ಒಂದು ಧಾಟಿಯನ್ನು ಕೊನೆಯವರೆಗೆ ಕಿವಿಗೊಟ್ಟು ಕೇಳಲಿ. ಕೇಳಿದ ಮೇಲೂ ಅವನಿಗೆ ಹಿಡಿಸದಿದ್ದರೆ, ಜಗಳಕ್ಕೆ ನಾನು ಸಿದ್ಧ.