ಮಳೆ ಓಡಿಸಿದ್ದು ಫ್ಯಾನಲ್ಲ

‘ಫ್ಯಾನು ಬಂದ್ವು, ಮಳಿ ಹೋತು.’ ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಸೀಮೆಯ ಕಟ್ಟೆಗಳ ಮೇಲೆ ಈ ಮಾತಿಗೆ ಎದುರು ಮಾತಾಡುವವರು ಕಡಿಮೆ. ಗಾಳಿಯಂತ್ರದ ರೆಕ್ಕೆ ಮೋಡ ಚದುರಿಸುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದೆ. ಆದರೆ ಅದು ನಿಜವಲ್ಲ. ಕಂಪನಿಗಳ ಪರ ವಹಿಸಲು ನಾನು ಹೀಗೆ ಹೇಳುತ್ತಿಲ್ಲ. ಹೊಲ ಕೊಟ್ಟ ರೈತನ ನ್ಯಾಯವಾದ ದೂರು ಈ ನಂಬಿಕೆಯಡಿ ಹೂತುಹೋಗುತ್ತಿದೆ, ಅದಕ್ಕೆ ಹೇಳುತ್ತಿದ್ದೇನೆ.

ಇಂದಿನ ಎತ್ತರದ ಯಂತ್ರಗಳ ರೆಕ್ಕೆಯ ತುದಿ ನೆಲದಿಂದ ಸುಮಾರು 200 ಮೀಟರ್ ಮುಟ್ಟುತ್ತದೆ. ಮಳೆ ಸುರಿಸುವ ಮೋಡದ ತಳ ಸಾಮಾನ್ಯವಾಗಿ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ನೆತ್ತಿ ಹಲವು ಕಿಲೋಮೀಟರ್ ಎತ್ತರದಲ್ಲಿ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ತನ್ನ ನೀರಿನ ದೊಡ್ಡ ಪಾಲನ್ನು ಸಹ್ಯಾದ್ರಿಯ ಮೇಲೆಯೇ ಸುರಿಸಿ, ಒಣಗಿ, ಜೋರಾಗಿ ಇತ್ತ ಬೀಸುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಸುರಿದರೆ ಕೊಪ್ಪಳ ಜಿಲ್ಲೆಯ ಸರಾಸರಿ 600 ಮಿ.ಮೀ. ಕೂಡ ಮುಟ್ಟುವುದಿಲ್ಲ. ಗಾಳಿ ಹುಡುಕಿಕೊಂಡು ಬಂದವರಿಗೆ ಸಿಕ್ಕಿದ್ದು ಮೊದಲೇ ಮಳೆನೆರಳಿನಲ್ಲಿದ್ದ ನೆಲ. 1876–78ರ ಮಹಾಕ್ಷಾಮಕ್ಕೂ 1972ರ ಬರಕ್ಕೂ ಈ ಸೀಮೆಯಲ್ಲಿ ಒಂದು ಫ್ಯಾನೂ ತಿರುಗುತ್ತಿರಲಿಲ್ಲ.

ಹಾಗೆಂದು ರೈತರ ಮಾತಿಗೆ ನಗುವ ಅಧಿಕಾರಿಗಳನ್ನೂ ಒಪ್ಪಲಾಗದು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ತಿನ ಹೆಸರೇ ಇಲ್ಲ. 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅದನ್ನು ಬಹುತೇಕ ಮಾಲಿನ್ಯ ಮಾಡದ ಉದ್ಯಮಗಳ ‘ಬಿಳಿ’ ವರ್ಗಕ್ಕೆ ಸೇರಿಸಿತು. ಹೊಗೆ ಇಲ್ಲ, ನಿಜ. ಆದರೆ ನೂರಾರು ಯಂತ್ರ ನಿಂತ ಎರೆ ಹೊಲದ ತೇವ, ರಾತ್ರಿಯ ಬಿಸಿ, ಹಕ್ಕಿಗಳ ಪಾಡು ಏನಾಯಿತೆಂದು ಅಳೆಯಲೇಬೇಕೆಂಬ ಕಟ್ಟಳೆಯೂ ಇಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಉಪಗ್ರಹದ ಮಾಹಿತಿ ಇಟ್ಟುಕೊಂಡು ನಡೆಸಿದ ಅಧ್ಯಯನವೊಂದು, ದೊಡ್ಡ ಗಾಳಿಯಂತ್ರ ವಲಯಗಳಲ್ಲಿ ರಾತ್ರಿ ಹೊತ್ತು ನೆಲದ ಮೈ ಸುತ್ತಲಿನ ಜಾಗಕ್ಕಿಂತ ಕೊಂಚ ಬಿಸಿಯಾಗುವುದನ್ನು 2012ರಲ್ಲೇ ತೋರಿಸಿತ್ತು. ರೆಕ್ಕೆಗಳು ಮೇಲಿನ ಬೆಚ್ಚನೆ ಗಾಳಿಯನ್ನು ಕೆಳಗೆ ಕಲಕುವುದೇ ಕಾರಣವೆಂದು ವಿಜ್ಞಾನಿಗಳು ವಿವರಿಸಿದರು. ನಮ್ಮ ಜೋಳ, ಕಡಲೆಗೆ ಇದರಿಂದ ಏನಾದೀತು? ಸರ್ಕಾರ ಅಳೆದು ಹೇಳದಿದ್ದರೆ ಜನ ತಮಗೆ ತೋಚಿದ ಕಾರಣ ಹುಡುಕಿಕೊಳ್ಳುತ್ತಾರೆ. ತಪ್ಪು ಜನರದ್ದೆನ್ನಲು ನನಗೆ ಮನಸ್ಸಿಲ್ಲ.

ಗ್ರಾಮಸಭೆಯಲ್ಲಿ ಮೋಡದ ಮಾತೆತ್ತಿದರೆ ಕಂಪನಿಯ ಎಂಜಿನಿಯರು ಎರಡೇ ನಿಮಿಷದಲ್ಲಿ ಗೆಲ್ಲುತ್ತಾನೆ, ಸಭೆ ಮುಗಿಯುತ್ತದೆ. ಭಾರಿ ಟ್ರೇಲರ್ ಓಡಾಡಿ ಕಿತ್ತುಹೋದ ರಸ್ತೆ, ಒಡೆದ ಬದು, ಪಕ್ಕದ ಹೊಲದವನಿಗೆ ಒಂದು, ಇವನಿಗೆ ಒಂದು ಎಂದು ಏಜೆಂಟ್ ಕಟ್ಟಿದ ಬೆಲೆ, ಇವುಗಳ ಬಗ್ಗೆ ಆತ ಅಷ್ಟು ಸಲೀಸಾಗಿ ಉತ್ತರಿಸಲಾರ. ಬೆಲೆ ಹೀಗೆ ಗುಟ್ಟಾಗಿ ಕಟ್ಟಬೇಕಿಲ್ಲ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಹೋಯಿತು. ಆದರೂ ಅಲ್ಲಿ ಭೂಮಿ ರೈತನ ಹೆಸರಿನಲ್ಲೇ ಉಳಿಯಿತು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ. ಕೂಲಿಕಾರರಿಗೆ ಆ ಹಣದಲ್ಲಿ ಪಾಲಿರಲಿಲ್ಲ ಎಂಬ ದೊಡ್ಡ ಕೊರತೆ ಅದಕ್ಕಿದೆ. ಆದರೆ ಕರಾರು ಎಲ್ಲರಿಗೂ ಒಂದೇ, ಎಲ್ಲರಿಗೂ ಗೊತ್ತಿದ್ದದ್ದೇ.

ಮುಂದಿನ ಗ್ರಾಮಸಭೆಯಲ್ಲಿ ಮೋಡದ ಮಾತು ಬಿಡಿ. ಕರಾರು ಪತ್ರವನ್ನು ಕನ್ನಡದಲ್ಲಿ ಓದಿ ಹೇಳಿರೆಂದು ಕೇಳಿ. ಬೆಲೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲು ಹೇಳಿ. ಹೊಲ ಇಲ್ಲದವರಿಗೂ ಪಾಲು ಕೇಳಿ. ರಸ್ತೆ ರಿಪೇರಿಯಾಗುವವರೆಗೆ ಮುಂದಿನ ಟ್ರೇಲರ್ ಊರೊಳಗೆ ಬಾರದೆಂದು ಠರಾವು ಮಾಡಿ.