ಬಳ್ಳಿ ಹಬ್ಬಿದ ವೈದ್ಯ

ವೇರೂಳಿಗೆ, ಅಂದರೆ ಎಲ್ಲೋರಕ್ಕೆ, ಹೋದವರು ಕೈಲಾಸ ನೋಡಿ ಮುಗಿಸುವಷ್ಟರಲ್ಲಿ ಸುಸ್ತಾಗಿರುತ್ತಾರೆ. ಅವರದೇನೂ ತಪ್ಪಿಲ್ಲ. ರಾಷ್ಟ್ರಕೂಟರ ಒಂದನೇ ಕೃಷ್ಣನ ಕಾಲದಲ್ಲಿ ಬೆಟ್ಟವನ್ನು ನೆತ್ತಿಯಿಂದ ಬುಡದವರೆಗೆ ಕಡೆದು ನಿಲ್ಲಿಸಿದ ಗುಡಿ ಅದು. ಕಣ್ಣಿಗಿಂತ ಮೊದಲು ಕುತ್ತಿಗೆ ಸೋಲುತ್ತದೆ. ಅಲ್ಲಿಂದ ಬಡಗಣ ತುದಿಗೆ, ಒಂದು ಕಿಲೋಮೀಟರಿಗೂ ಆಚೆ, 30ರಿಂದ 34ರವರೆಗಿನ ಜೈನ ಗುಹೆಗಳಿವೆ. ಬಿಸಿಲಲ್ಲಿ ಅಷ್ಟು ದೂರ ಯಾರು ಹೋಗುತ್ತಾರೆ ಎಂದು ಬಹಳ ಮಂದಿ ಬಸ್ಸು ಹತ್ತಿಬಿಡುತ್ತಾರೆ. ಕೈಲಾಸ ದೊಡ್ಡದು, ಒಪ್ಪಿದೆ. ಆದರೆ ಉಳಿ ಕಲ್ಲಿಗೆ ನೋವಾಗದ ಹಾಗೆ ಓಡಾಡಿದೆ ಅನ್ನಿಸುವುದು ಈ ಕಡೆಯ ಗುಹೆಗಳಲ್ಲೇ.

32ನೆಯದಕ್ಕೆ ಜನ ಇಟ್ಟ ಹೆಸರು ಇಂದ್ರಸಭೆ. ಆನೆಯ ಮೇಲೆ ಆಲದ ನೆರಳಲ್ಲಿ ಕೂತ ಯಕ್ಷನನ್ನು ಇಂದ್ರನೆಂದು ಬಗೆದು ಇಟ್ಟದ್ದು. ಅವನು ಸರ್ವಾನುಭೂತಿ, ಮೈತುಂಬಿದ, ಉಂಡು ತಣಿದ ಮನೆಯ ಯಜಮಾನನಂಥ ನಿಲುವು. ಅವನ ಜೊತೆಯವಳು ಅಂಬಿಕೆ. ಸಿಂಹದ ಮೇಲೆ, ಮಾವಿನ ಮರದ ಕೆಳಗೆ, ಮಡಿಲಲ್ಲಿ ಮಗುವನ್ನಿಟ್ಟುಕೊಂಡು ಕೂತಿದ್ದಾಳೆ. ಮರಗಳ ಎಲೆಯ ದಟ್ಟಣೆಯೊಳಗೆ ನವಿಲುಗಳಿವೆ. ಅವಸರದಲ್ಲಿ ಬಂದವರಿಗೆ ಅವು ಸಿಗುವುದಿಲ್ಲ. ತೀರ್ಥಂಕರರು ಎಲ್ಲ ಬಿಟ್ಟು ನಿಂತ ಕಡೆಯಲ್ಲೇ ಸಂಸಾರದ ಈ ಜೋಡಿಯನ್ನು ಇಷ್ಟು ಅಕ್ಕರೆಯಿಂದ ಕಡೆದದ್ದು ನನಗೆ ಬಹಳ ಮೆಚ್ಚು.

ನಾನು ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ತಪಸ್ಸಿಗೆ ನಿಂತ ಬಾಹುಬಲಿಯ ಮುಂದೆ. ಶ್ರವಣಬೆಳಗೊಳದ ಗೊಮ್ಮಟನಿಗಿಂತ ಹಿರಿಯ ಈತ. ಅಲ್ಲಿನವನನ್ನು ತಲೆಯೆತ್ತಿ ನೋಡಬೇಕು. ಇಲ್ಲಿನವನು ಹತ್ತಿರದವನು, ಮುಖಕ್ಕೆ ಮುಖ ಸಿಗುವವನು. ಕಾಲ ಬಳಿ ಜಿಂಕೆ, ಹಾವು. ಬಳ್ಳಿ ಕಾಲಿನಿಂದ ತೊಡೆಗೆ, ತೊಡೆಯಿಂದ ತೋಳಿಗೆ ಹತ್ತಿದೆ. ಅದು ಎಲ್ಲೂ ಬಿಗಿದಿಲ್ಲ ಎಂಬುದನ್ನು ಗಮನಿಸಬೇಕು. ಕಪ್ಪು ಬಸಾಲ್ಟಿನಲ್ಲಿ ಚರ್ಮಕ್ಕೂ ಬಳ್ಳಿಗೂ ನಡುವೆ ಇಷ್ಟೇ ಇಷ್ಟು ಸಡಿಲು ಬಿಟ್ಟಿದ್ದಾನೆ ಶಿಲ್ಪಿ. ಎರಡೂ ಪಕ್ಕದಲ್ಲಿ ಹೆಂಗಸರು. ಕಟ್ಟು ಬಿಡಿಸಲು ಬಂದ ತಂಗಿಯರು ಬ್ರಾಹ್ಮಿ, ಸುಂದರಿ ಎನ್ನುವವರಿದ್ದಾರೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬಳ್ಳಿ ಬಿಡಿಸುವವರು ವಿದ್ಯಾಧರ ಸ್ತ್ರೀಯರು, ವಿಹಾರಕ್ಕೆಂದು ಬಂದವರು. ಆ ಜಿನಸೇನರು 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಗುರು. ಈ ಗುಹೆಗಳ ಕೆಲಸವೂ ಬಹುಪಾಲು ಆ ಶತಮಾನದ್ದೇ.

ಅದೇ ಆದಿಪುರಾಣದಲ್ಲಿ ಇನ್ನೊಂದು ಸಂಗತಿಯಿದೆ. ಬಾಹುಬಲಿಯ ಅಪ್ಪ, ಮೊದಲ ತೀರ್ಥಂಕರ ಋಷಭದೇವ ತಪಸ್ಸಿಗೆ ಹೋಗುವ ಮುಂಚೆ ತುಂಬು ಸಂಸಾರಿ. ಇಬ್ಬರು ಹೆಂಡಿರು, ನೂರಕ್ಕೆ ಮೇಲ್ಪಟ್ಟ ಮಕ್ಕಳು. ಹೆಣ್ಣುಮಕ್ಕಳಿಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು ಬಲಗೈಯಿಂದ ಬ್ರಾಹ್ಮಿಗೆ ಅಕ್ಷರ, ಎಡಗೈಯಿಂದ ಸುಂದರಿಗೆ ಅಂಕಿ ಬರೆದು ತೋರಿಸುತ್ತಾನೆ. ಆಮೇಲೆ ಗಂಡುಮಕ್ಕಳ ಸರದಿ. ಭರತನಿಗೆ ಅರ್ಥಶಾಸ್ತ್ರ ಮತ್ತು ನಾಟ್ಯ, ವೃಷಭಸೇನನಿಗೆ ಸಂಗೀತ, ಅನಂತವಿಜಯನಿಗೆ ಚಿತ್ರಕಲೆ. ಬಾಹುಬಲಿಯ ಪಾಲಿಗೆ ಬಂದ ವಿದ್ಯೆಗಳಲ್ಲಿ ಬಿಲ್ವಿದ್ಯೆ, ಆನೆ ಕುದುರೆಗಳ ವಿದ್ಯೆ, ರತ್ನಪರೀಕ್ಷೆಯ ಜೊತೆಗೆ ಆಯುರ್ವೇದವೂ ಸೇರಿದೆ. ಯಾವ ಮಗುವಿಗೆ ಯಾವುದು ಒಗ್ಗುತ್ತದೆ ಎಂದು ನೋಡಿ ನೋಡಿ ಹಂಚುವ ಅಪ್ಪ ಇವನು.

ಇದು ಗೊತ್ತಾದ ಮೇಲೆ ಇಂದ್ರಸಭೆಯ ವಿಗ್ರಹ ನನಗೆ ಬೇರೆಯೇ ಆಗಿ ಕಂಡಿತು. ಗಿಡಮೂಲಿಕೆ ಬಲ್ಲವನು ಸುಮ್ಮನೆ ನಿಂತಿದ್ದಾನೆ. ಅವನು ಕೀಳಬೇಕಾಗಿದ್ದ ಬಳ್ಳಿ ತಾನಾಗಿ ಅವನ ಮೈಗೆ ಬಂದಿದೆ. ಶಿಲ್ಪಿಯ ಮನಸ್ಸಿನಲ್ಲಿ ಇದಿತ್ತೆಂದು ನಾನು ವಾದಿಸುವುದಿಲ್ಲ. ಇದು ನೋಡುವವನು ತೆಗೆದುಕೊಂಡ ಸಲುಗೆ.

ಅಲ್ಲಿ ನಿಂತಾಗಲೆಲ್ಲ ನನಗೆ ನೆನಪಾಗುವವರು ಉಗ್ರಾದಿತ್ಯಾಚಾರ್ಯರು. ಹೊರನಾಡಿನಿಂದ ಬಂದ ವೈದ್ಯರು. ವೆಂಗಿಯ ಅರಸರ ತ್ರಿಕಳಿಂಗ ದೇಶದಲ್ಲಿ, ರಾಮಗಿರಿಯ ಬಸದಿಯಲ್ಲಿ ಕೂತು ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ವೈದ್ಯಗ್ರಂಥ ಬರೆದವರು, ಗುರುಗಳು ಶ್ರೀನಂದಿ. ಮುಂದೆ ಅವರು ಮಾತಾಡಿದ್ದು ನೃಪತುಂಗನ ಆಸ್ಥಾನದಲ್ಲಿ. ವೆಂಗಿಗೂ ರಾಷ್ಟ್ರಕೂಟರಿಗೂ ಹಳೆಯ ಹಗೆ; ವಿಂಗವಳ್ಳಿಯಲ್ಲಿ ಅಮೋಘವರ್ಷನೇ ವೆಂಗಿಯವರನ್ನು ಬಡಿದಿದ್ದ. ಗಡಿಯ ಆಚೆ ಈಚೆ ಸೈನ್ಯ ಓಡಾಡುತ್ತಿದ್ದ ಕಾಲದಲ್ಲಿ ಒಬ್ಬ ವೈದ್ಯರು ಓಲೆಗರಿಯ ಕಟ್ಟಿನೊಡನೆ ಆ ಕಡೆಯಿಂದ ಈ ಕಡೆಗೆ ಬಂದರು, ಸಭೆ ಕೂತು ಕೇಳಿತು. ಆಸ್ಥಾನದ ದೊಡ್ಡತನವನ್ನು ಅಳೆಯಲು ನನಗೆ ಇಷ್ಟು ಸಾಕು.

ಕಲ್ಯಾಣಕಾರಕ ಶುರುವಾಗುವ ರೀತಿಯೇ ಚೆಂದ. ದುಡಿಯದೆ ಸುಖವಿದ್ದ ಭೋಗಭೂಮಿಯ ಕಾಲ ಮುಗಿದು ಜನಕ್ಕೆ ರೋಗರುಜಿನ ಕಾಣಿಸಿಕೊಂಡಾಗ ಭರತ ಜಿನನ ಉಪದೇಶಸಭೆಯಾದ ಸಮವಸರಣಕ್ಕೆ ಹೋಗಿ ಋಷಭದೇವನನ್ನು ಕೇಳುತ್ತಾನೆ: ಇವರು ಬದುಕುವ ದಾರಿ ಯಾವುದು? ಕೇಳುವವನು ಚಕ್ರವರ್ತಿ, ಹೇಳುವವನು ಜಿನ. ಆದರೂ ಓದುವಾಗ ಕಣ್ಣಿಗೆ ಕಟ್ಟುವುದು ಮಗ ಮತ್ತು ಅಪ್ಪ. ಉತ್ತರವನ್ನು ನಾಲ್ಕು ಕಟ್ಟಿಗೆ ತರುತ್ತಾರೆ: ಮನುಷ್ಯ, ರೋಗ, ಔಷಧ, ಕಾಲ. ಮನುಷ್ಯ ಮೊದಲು, ರೋಗ ಆಮೇಲೆ. ಈ ಅನುಕ್ರಮವನ್ನು ನಾನು ಸುಮ್ಮನೆ ದಾಟಿ ಹೋಗಲಾರೆ.

ತಾನು ಯಾರಿಂದ ಪಡೆದೆ ಎಂಬುದನ್ನು ಆಚಾರ್ಯರು ಮನೆತನದ ಹಿರಿಯರನ್ನು ನೆನೆದಂತೆ ಹೇಳುತ್ತಾರೆ. ಕಣ್ಣು, ಕಿವಿ, ಗಂಟಲಿನ ಚಿಕಿತ್ಸೆಗೆ ಪೂಜ್ಯಪಾದರು, ಶಸ್ತ್ರಚಿಕಿತ್ಸೆಗೆ ಪಾತ್ರಸ್ವಾಮಿ, ವಿಷಕ್ಕೂ ಗ್ರಹಪೀಡೆಗೂ ಸಿದ್ಧಸೇನರು, ದೇಹದ ಕಾಯಿಲೆಗಳಿಗೆ ದಶರಥಗುರುಗಳು, ಮಕ್ಕಳಿಗೆ ಮೇಘನಾದರು, ರಸಾಯನಕ್ಕೆ ಸಿಂಹನಾದರು. ಆಯುರ್ವೇದದ ಎಂಟು ಅಂಗವನ್ನೂ ವಿಸ್ತಾರವಾಗಿ ಬರೆದವರು ಸಮಂತಭದ್ರರು, ತಾನು ಅದನ್ನು ಅಡಕ ಮಾಡಿದವನು ಮಾತ್ರ. ಮಕ್ಕಳ ವೈದ್ಯನಿಗೆ ಗುಡುಗಿನ ಹೆಸರು ಬಿದ್ದದ್ದು ನೋಡಿ ನಗು ಬರುತ್ತದೆ. ಸಂಸಾರ ಬಿಟ್ಟ ಮುನಿಗಳ ವಂಶಾವಳಿ ಇದು, ರಕ್ತದ ನಂಟಿಲ್ಲದ್ದು.

ನೃಪತುಂಗನ ಸಭೆಯಲ್ಲಿ ಅವರ ಮಾತು ಮಾಂಸದ ಬಗ್ಗೆ. ಪಂಡಿತರೂ ವೈದ್ಯರೂ ಕೂತಿದ್ದರು. ಚರಕಸಂಹಿತೆಯಲ್ಲೇ ಕ್ಷೀಣಿಸಿದವರಿಗೆ ಮಾಂಸರಸ ಹೇಳಿದೆ. ಎದುರು ಪಕ್ಷ ಹಗುರವಾದದ್ದಲ್ಲ. ಔಷಧಕ್ಕೆ ಮಾಂಸ ಬೇಕಿಲ್ಲ ಎಂದು ಇವರು ಸಾಧಿಸಿದರು. ಆ ವಾದ ‘ಹಿತಾಹಿತ’ ಎಂಬ ಅಧ್ಯಾಯವಾಗಿ ಗ್ರಂಥದ ಕೊನೆಗೆ ಸೇರಿತು. ವಾದದಲ್ಲಿ ಯಾರು ಸರಿ ಎಂಬ ಗೊಡವೆ ನನಗಿಲ್ಲ. ನನ್ನನ್ನು ಸೆಳೆಯುವುದು ಅದರ ಕಸುಬುಗಾರಿಕೆ. ಮಾಂಸ, ಮದ್ಯ ಹೋಗಲಿ, ಜೇನನ್ನೂ ಇವರು ಬಿಟ್ಟರು. ಪುಡಿಯೋ ಲೇಹವೋ, ಜೇನಿನಲ್ಲಿ ಕಲಸಿ ನೆಕ್ಕಿಸುವುದು ಈ ದೇಶದ ವೈದ್ಯರ ಕೈಗೆ ಬೆರಳಿನಷ್ಟೇ ಸಹಜ. ಅದನ್ನು ತೆಗೆದಿಟ್ಟು ಇಡೀ ಶಾಸ್ತ್ರವನ್ನು ಮತ್ತೆ ಕಟ್ಟುವುದೆಂದರೆ ಹಟಕ್ಕಿಂತ ಹೆಚ್ಚಿನ ಕುಶಲತೆ ಬೇಕು.

ಆಲಿಸುತ್ತಿದ್ದ ಅರಸನೂ ಸಾಮಾನ್ಯನಲ್ಲ. 871ರ ಸಂಜಾನ ತಾಮ್ರಪಟದ ಪ್ರಕಾರ, ಪ್ರಜೆಗಳಿಗೆ ಬಂದ ಕೇಡು ಕಳೆಯಲೆಂದು ಅಮೋಘವರ್ಷ ತನ್ನ ಎಡಗೈ ಬೆರಳನ್ನೇ ಕತ್ತರಿಸಿ ಮಹಾಲಕ್ಷ್ಮಿಗೆ ಒಪ್ಪಿಸಿದ. ಇನ್ನೊಂದು ಜೀವವನ್ನು ನೋಯಿಸಿ ಮದ್ದು ಮಾಡಬೇಡಿ ಎಂದ ವೈದ್ಯರ ಮುಂದೆ, ಮದ್ದಿಗಾಗಿ ತನ್ನನ್ನೇ ನೋಯಿಸಿಕೊಂಡ ದೊರೆ. ಆ ಸಭೆಯನ್ನು ಯಾರಾದರೂ ಕಲ್ಲಲ್ಲಿ ಕಡೆಯಬೇಕಿತ್ತು.

ಇದೇ ನೃಪತುಂಗನ ಆಸ್ಥಾನದ ಕವಿರಾಜಮಾರ್ಗ ಹೇಳುವ ಕನ್ನಡ ನಾಡು ಗೋದಾವರಿಗೆ ಮುಗಿಯುತ್ತದೆ. ವೇರೂಳು ಹೊಳೆಯಿಂದ ತುಸು ಆಚೆ. ಆದರೂ 33ನೆಯ ಗುಹೆ ಜಗನ್ನಾಥ ಸಭೆಯ ಕಂಬಗಳ ಮೇಲೆ ಹಳೆಯ ಕನ್ನಡ ಲಿಪಿ ಕೂತಿದೆ. 30ನೆಯದು ಚೋಟಾ ಕೈಲಾಸ, ದೊಡ್ಡ ಕೈಲಾಸದ ಮರಿ. ಕೆಲಸ ಅರ್ಧಕ್ಕೇ ನಿಂತಿದೆ. ಜೈನರಿಗೆ ಕೈಲಾಸವೆಂದರೆ ಋಷಭದೇವ ಮೋಕ್ಷಕ್ಕೆ ಸಂದ ಗಿರಿ. ಹಾಗೆ ನೋಡಿದರೆ ಈ ಬೆಟ್ಟಸಾಲಿನಲ್ಲಿ ಒಂದೇ ಹೆಸರಿನ ಎರಡು ಮನೆಗಳಿವೆ: ಒಂದು ಪಾರ್ವತಿಯೊಡನೆ ಪಗಡೆಯಾಡುವ ಶಿವನದು, ಇನ್ನೊಂದು ಮಕ್ಕಳಿಗೆ ವಿದ್ಯೆ ಹಂಚಿ ಹೊರಟ ಅಪ್ಪನದು.

ಕಲ್ಯಾಣಕಾರಕ ಅಚ್ಚಾದದ್ದು 1940ರಲ್ಲಿ, ಸೊಲ್ಲಾಪುರದಲ್ಲಿ, ಹಿಂದಿ ಅನುವಾದದ ಜೊತೆ. ಸಂಪಾದಿಸಿದವರು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು. ರತ್ನಾಕರವರ್ಣಿಯ ಭರತೇಶವೈಭವವನ್ನು ಹಿಂದಿಯ ಓದುಗರಿಗೆ ಮುಟ್ಟಿಸಿದವರೂ ಅವರೇ. ಅಪ್ಪನ ಬಳಿ ಹೋಗಿ ಜನರ ಕಾಯಿಲೆಗೆ ಮದ್ದು ಕೇಳಿದ ಭರತ ಆ ಕಾವ್ಯದಲ್ಲಿ ತುಂಬಿದ ಅರಮನೆಯಲ್ಲಿ, ಹೆಂಡಿರು ಮಕ್ಕಳ ನಡುವೆ, ಹಾಡು ಕೇಳುತ್ತಾ ಊಟಕ್ಕೆ ಕೂರುತ್ತಾನೆ.